ಉಸಿರು ಹಿಡಿಯುವ ಜಾಗ

ನಮ್ಮ ಚರ್ಚಿನ ಹಾರ್ಮೋನಿಯಂ ಮಾಸ್ತರು ನಾಲ್ಕಕ್ಕೆ ಎಂದರೆ ನಾಲ್ಕಕ್ಕೇ ಬರುತ್ತಿದ್ದರು. ಅದಕ್ಕೇ ಅವರ ಜೊತೆ ಹೋಗುವುದು ನನಗೆ ಒಗ್ಗಿತ್ತು. ಶುಭ ಶುಕ್ರವಾರದ ಒಂದು ಹಳೆಯ ಹಾಡಿನ ಧಾಟಿ ದೇಶಪಾಂಡೆ ನಗರದ ಅಜ್ಜಿಯೊಬ್ಬರಿಗೆ ಮಾತ್ರ ಪೂರ್ತಿ ಗೊತ್ತಿತ್ತು. ಅದು ಅವರೊಂದಿಗೇ ಹೋಗಬಾರದೆಂದು ಮಾಸ್ತರು ಸ್ವರ ಹಾಕಿ ಬರೆದುಕೊಳ್ಳುತ್ತಿದ್ದರು, ಯಾವಾಗಲೂ ಪೆನ್ಸಿಲ್ಲಿನಲ್ಲಿ.

"ಇನ್ನೊಮ್ಮಿ ಅನ್ರಿ, ಅಮ್ಮಾರ," ಎಂದು ಕಣ್ಣು ಮುಚ್ಚಿ, ಮೊಣಕಾಲಿನ ಮೇಲೆ ಬೆರಳಾಡಿಸುತ್ತ ಕೇಳುವರು. ಕಿಟಕಿಯ ಬಿಸಿಲು ಗೋಡೆ ಏರುತ್ತಿತ್ತು. ಹೊತ್ತು ಹೋದದ್ದು ಗಡಿಯಾರ ಕಟ್ಟಿದ ನನಗೂ ತಿಳಿಯುತ್ತಿರಲಿಲ್ಲ.

ಮೂರನೆಯ ಸಾಲಿನ ನಡುವೆ ಅಜ್ಜಿ ಪ್ರತಿ ಸಲ ನಿಲ್ಲುತ್ತಿದ್ದರು. ಮಾಸ್ತರು ಅಲ್ಲಿ ನಿಲುಗಡೆಯ ಗುರುತಾಗಿ ಎರಡು ಚುಕ್ಕೆ ಇಟ್ಟರು.

ಅಜ್ಜಿಯ ಸೊಸೆ ನಕ್ಕಳು. "ಅದು ರಾಗ ಅಲ್ರೀ ಮಾಸ್ತರ್ರ, ನಮ್ಮತ್ತಿಗೆ ದಮ್ಮು ಹತ್ತತೈತಿ. ಅದನ್ನೂ ಬರಕೋತೀರೇನು?"

ಅಜ್ಜಿಗೆ ಕಿವಿ ಮಂದ; ಸೊಸೆಯ ಮಾತು ಕೇಳಿಸಲಿಲ್ಲ. ಮಾಸ್ತರು ನಾಚಿ ಚುಕ್ಕೆಗಳನ್ನು ಅಳಿಸಿದರು.

ಶುಭ ಶುಕ್ರವಾರ ಗಾಯಕರು ಆ ಹಾಳೆ ನೋಡಿ ಹಾಡಿದರು. ಅರೆಬರೆ ನೆನಪಿನಲ್ಲೇ ದನಿಗೂಡಿಸಿದ್ದ ಹಿಂದಿನ ಬೆಂಚಿನ ಹಿರಿಯರೆಲ್ಲ ಮೂರನೆಯ ಸಾಲಿನ ನಡುವೆ ಒಮ್ಮೆಲೇ ನಿಂತುಬಿಟ್ಟರು. ಗಾಯಕರು ಮುಂದೆ ಹೋಗಿದ್ದರು. ಹಾಡು ಚದುರಿತು.

ಆರಾಧನೆ ಮುಗಿದ ಮೇಲೆ ಅಜ್ಜಿ ಮಾಸ್ತರ ಕೈ ಹಿಡಿದರು. "ಶಿಲುಬಿ ಅನ್ನೂಕಿಂತ ಮೊದಲ ಎಲ್ಲಾರೂ ಉಸಿರು ಹಿಡೀತಿದ್ವಿ. ನಮ್ಮಪ್ಪ ಹಂಗ ಕಲಿಸಿದ್ರು. ನೀವು ಯಾಕ ಓಡಿದ್ರಿ?"

ಮಾಸ್ತರು ಹಾಳೆ ಬಿಡಿಸಿ, ನನ್ನ ಜೇಬಿನ ಪೆನ್ನು ಕೇಳಿ ಪಡೆದರು.

"ಇನ್ನೊಮ್ಮಿ ಅನ್ರಿ, ಅಮ್ಮಾರ."

ಅಜ್ಜಿ ಹಾಡಿ, ನಿಂತರು. ನಾವೂ ಉಸಿರು ಹಿಡಿದೆವು. ಇಡೀ ಹಾಳೆಯಲ್ಲಿ ಆ ಎರಡು ಚುಕ್ಕೆಗಳಷ್ಟೇ ಶಾಯಿಯವು.