ಚೀಟಿಯಣ್ಣನ ಬೆಲೆಯಾಟ

ಇಪ್ಪತ್ತಾರು ವರ್ಷ ಬೆಲೆಗಳ ನಡುವೆಯೇ ಬದುಕಿದ ಮನುಷ್ಯ ತಾನಾಗಿ ಒಂದೇ ಒಂದು ಬೆಲೆಯನ್ನೂ ಹಾಕದೆ ಇರಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ, ಚೀಟಿಯಣ್ಣನ ಕಡೆ ಬೆರಳು ತೋರಿಸಿದರೆ ಸಾಕು. ಮೂರು ಅಂತಸ್ತಿನ ಮನೆಸಾಮಾನಿನ ಅಂಗಡಿಯಲ್ಲಿ ಅವನದು ಬೆಲೆಚೀಟಿ ಅಂಟಿಸುವ ಕೆಲಸ. ಕೆಳಗೆ ಪಾತ್ರೆ, ನಡುವೆ ಹಾಸಿಗೆ ದಿಂಬು, ಮೇಲೆ ಆಟಿಕೆ. ಇವೆಲ್ಲದರ ಹಿಂದಿನ ಗೋದಾಮಿನಲ್ಲಿ ಒಂದು ಎತ್ತರದ ಸ್ಟೂಲು, ಅದರ ಮೇಲೆ ಚೀಟಿಯಣ್ಣ. ಕೈಯಲ್ಲಿದ್ದ ಪುಟ್ಟ ಯಂತ್ರದ ಗಾಲಿ ತಿರುಗಿಸಿ ಅಂಕಿ ಕೂರಿಸುವುದು, ಟಕ್ಕೆಂದು ಒತ್ತುವುದು, ಮುಂದಿನ ಡಬ್ಬಿ ಎಳೆದುಕೊಳ್ಳುವುದು. ಅಂಕಿ ಯಾವುದೆಂದು ತೀರ್ಮಾನವಾಗುತ್ತಿದ್ದುದು ಮೂರನೇ ಅಂತಸ್ತಿನ ಗಾಜಿನ ಕೋಣೆಯಲ್ಲಿ, ಯಜಮಾನರ ತಲೆಯೊಳಗೆ. ಅಲ್ಲಿಂದ ಒಂದು ಕಾಗದ ಇಳಿದು ಬರುತ್ತಿತ್ತು. ಚೀಟಿಯಣ್ಣ ಅದನ್ನು ಓದಿ ತಲೆ ಅಲ್ಲಾಡಿಸಿ, ‘ಈ ಬಾಣಲೆಗೆ ಇಷ್ಟಾ? ದೇವರೇ ಕಾಪಾಡಬೇಕು’ ಎಂದು ಗೊಣಗಿ, ಒಂದು ಕೂದಲೆಳೆಯೂ ಓರೆಯಾಗದಂತೆ ಅಂಟಿಸುತ್ತಿದ್ದ.

ಬೆಲೆಯ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದೇ ಇರಲಿಲ್ಲ ಎಂಬುದು ಅವನ ನಂಬಿಕೆ. ಯಾವ ಸಾಮಾನಿಗೆ ಎಷ್ಟಿಟ್ಟರೆ ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ, ಯಾವುದು ಧೂಳು ತಿನ್ನುತ್ತದೆ, ಎಲ್ಲ ಬಾಯಿಪಾಠ. ಆದರೆ ಕೇಳುವವರು ಬೇಕಲ್ಲ? ಗಾಜಿನ ಕೋಣೆಯವರು ಕೇಳಲಿಲ್ಲ. ಹೀಗಾಗಿ ಆ ಜ್ಞಾನವನ್ನೆಲ್ಲ ಪಾಪ ಮನೆಯವರ ಮೇಲೆ ಸುರಿಯುತ್ತಿದ್ದ. ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬಟ್ಟೆ ಹೊಲಿಯುವವಳು. ಯಂತ್ರದ ಸದ್ದಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಅದೇ ಅವಳ ಭಾಗ್ಯ. ಮಗಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಅಪ್ಪನ ಲೆಕ್ಕದಲ್ಲಿ ತಪ್ಪು ಹುಡುಕುವುದು ಅವಳಿಗೆ ರಜೆಯ ಮನರಂಜನೆ.

ಐವತ್ತೈದು ತುಂಬಿದ ವರ್ಷ ಅವನ ತಲೆಗೆ ಒಂದು ಹುಳು ಹೊಕ್ಕಿತು. ಆಟವೊಂದನ್ನು ಕಟ್ಟಬೇಕು. ಒಂದೇ ಬೀದಿಯಲ್ಲಿ ನಾಲ್ಕು ಅಂಗಡಿ, ನಾಲ್ವರು ಆಟಗಾರರು. ಎಲ್ಲರ ಬಳಿಯೂ ಒಂದೇ ಸರಕು, ಹಣದ ಬದಲು ಬಿಲ್ಲೆ; ಒಂದಕ್ಕೆ ಹತ್ತು ಬಿಲ್ಲೆ ಅಸಲು, ಮೇಲೆ ಸಿಕ್ಕಿದ್ದು ಲಾಭ. ಪ್ರತಿಯೊಬ್ಬರೂ ಗುಟ್ಟಾಗಿ ಬೆಲೆ ಬರೆದು ಒಮ್ಮೆಗೇ ತೋರಿಸಬೇಕು. ಇಪ್ಪತ್ತರ ಮೇಲೆ ಹೋಗುವಂತಿಲ್ಲ. ಆಮೇಲೆ ಎರಡು ದಾಳ ಎಸೆದರೆ ಎಷ್ಟು ಬಿತ್ತೋ ಅಷ್ಟು ಗಿರಾಕಿಗಳು. ಅವರು ಮೊದಲು ಅಗ್ಗದ ಅಂಗಡಿಗೆ ನುಗ್ಗುತ್ತಾರೆ. ಆಟ ಮುಗಿದಾಗ ಯಾರ ಬಳಿ ಬಿಲ್ಲೆ ಹೆಚ್ಚೋ ಅವರು ಗೆದ್ದರು.

‘ಇದನ್ನ ನಮ್ಮಂಗಡಿ ಆಟಿಕೆ ಮಹಡಿಯಲ್ಲೇ ಮಾರ್ತೀನಿ, ಬೆಲೆ ನಾನೇ ಹಾಕ್ತೀನಿ’ ಎಂದು ಅವನು ಮನೆಯಲ್ಲಿ ಸಾರಿದ. ಆಟ ಗೆಲ್ಲುವುದಕ್ಕಿಂತ, ಹಣ ಬರುವುದಕ್ಕಿಂತ ಅವನಿಗೆ ಬೇಕಾಗಿದ್ದುದು ಇಷ್ಟೇ: ತಾನು ಹೇಳಿದ ಅಂಕಿಯೊಂದು ಒಂದು ಡಬ್ಬಿಯ ಮೇಲೆ ಕೂರಬೇಕು. ನಿವೃತ್ತಿಗೆ ಮುಂಚೆ, ಒಂದೇ ಒಂದು ಸಲ.

ಮೊದಲ ಪೆಟ್ಟಿಗೆ ತಯಾರಾಯಿತು. ಮನೆಯವರು ಸುತ್ತ ಕೂತರು. ನಾಲ್ಕನೆಯವನಾಗಿ ಬಸ್ ಕಂಡಕ್ಟರ್ ಭಾವಮೈದ ಬಂದ. ಬೆಲೆ ಬರೆಯಲು ಚೀಟಿಯಣ್ಣ ಅಂಗಡಿಯಿಂದ ತಂದ ಚೀಟಿಗಳನ್ನೇ ಕೊಟ್ಟಿದ್ದ. ಬರೆದು ಸರಕಿನ ಕಾರ್ಡಿನ ಮೇಲೆ ಅಂಟಿಸಬೇಕು. ಮೊದಲ ಸುತ್ತು ಸೊಗಸಾಗಿ ನಡೆಯಿತು. ಎರಡನೇ ಸುತ್ತಿಗೆ ಹಳೆಯ ಬೆಲೆ ಕೀಳಲು ಹೋದರೆ ಚೀಟಿ ಚೂರುಚೂರಾಗಿ ಹರಿಯಿತು, ಕಾರ್ಡಿನ ಸಿಪ್ಪೆಯೂ ಜೊತೆಗೆ ಎದ್ದು ಬಂತು. ಗಿರಾಕಿಗಳು ಅಗ್ಗದ ಚೀಟಿ ಕಿತ್ತು ದುಬಾರಿ ಸಾಮಾನಿಗೆ ಅಂಟಿಸಬಾರದೆಂದು ಚೀಟಿಗೆ ಮೊದಲೇ ಸಣ್ಣ ಸಣ್ಣ ಸೀಳು ಹಾಕಿರುತ್ತಾರೆ. ಇಪ್ಪತ್ತಾರು ವರ್ಷ ಅಂಟಿಸಿದವನಿಗೆ, ಅಂಟಿಸಿದ ಬೆಲೆಯನ್ನು ಯಾರಾದರೂ ಕೀಳಬೇಕಾಗಬಹುದು ಎಂಬುದೇ ಹೊಳೆದಿರಲಿಲ್ಲ.

“ಭಾವ, ಜೀವನದಲ್ಲಿ ಒಂದೇ ಸಲ ಆಡೋ ಆಟಾನಾ ಇದು?” ಎಂದ ಭಾವಮೈದ.

“ಬಾಯ್ಮುಚ್ಚೋ” ಎಂದ ಚೀಟಿಯಣ್ಣ. ಹೆಂಡತಿ ಎದ್ದುಹೋಗಿ, ಬಟ್ಟೆ ಮೇಲೆ ಗುರುತು ಹಾಕುವ ಬಳಪ ನಾಲ್ಕು ತುಂಡು ಮತ್ತು ಕಪ್ಪು ಬಣ್ಣ ಬಳಿದ ಹಲಗೆ ಚೂರು ತಂದಳು. ಬರೆಯುವುದು, ಸೆರಗಿನಲ್ಲಿ ಒರೆಸುವುದು. ಆಟಕ್ಕೆ ಮರುಜನ್ಮ ಬಂತು.

ಮೂರು ಭಾನುವಾರ ಮನೆಯೆಲ್ಲ ಕೇಕೆ. ನಾಲ್ಕನೆಯ ಭಾನುವಾರ ಭಾವಮೈದನಿಗೆ ಜ್ಞಾನೋದಯವಾಯಿತು: ಎಲ್ಲರಿಗಿಂತ ಒಂದು ಬಿಲ್ಲೆ ಕಡಿಮೆ ಇಟ್ಟರೆ ಗಿರಾಕಿಗಳೆಲ್ಲ ತನ್ನವರೇ. ಮುಂದಿನ ಸುತ್ತಿಗೆ ಮಗಳು ಅವನಿಗಿಂತ ಒಂದು ಕಡಿಮೆ, ಅದರ ಮುಂದಿನ ಸುತ್ತಿಗೆ ಚೀಟಿಯಣ್ಣ ಅವಳಿಗಿಂತ ಒಂದು ಕಡಿಮೆ. ಅರ್ಧ ಗಂಟೆಯಲ್ಲಿ ನಾಲ್ವರೂ ಅಸಲಿಗೆ ಇಳಿದು, ಲಾಭವಿಲ್ಲದೆ ಮುಖ ಮುಖ ನೋಡುತ್ತ ಕೂತರು. ಐದನೆಯ ಭಾನುವಾರ ಆಡೋಣ ಬನ್ನಿ ಎಂದರೆ ಮಗಳಿಗೆ ಉತ್ತರಪತ್ರಿಕೆ ತಿದ್ದುವುದಿತ್ತು, ಭಾವಮೈದನಿಗೆ ಹಲ್ಲುನೋವು.

ಚೀಟಿಯಣ್ಣ ನಿಯಮ ಬರೆಯಲು ಕೂತ. ಹನ್ನೆರಡರ ಕೆಳಗೆ ಬೆಲೆ ಇಡಬಾರದು ಎಂದು ಬರೆದ. ಆಗ ಮಗಳು ಎಲ್ಲರ ಕಿವಿಯಲ್ಲಿ ಗುಸುಗುಸು ಎಂದಳು; ಎಲ್ಲರೂ ಒಗ್ಗಟ್ಟಾಗಿ ಇಪ್ಪತ್ತಿಟ್ಟರು; ಆಟವೆಂಬುದು ಕಾಲು ಚಾಚಿ ಹರಟೆ ಹೊಡೆಯುವ ಕಾರ್ಯಕ್ರಮವಾಯಿತು. ಆಟದ ನಡುವೆ ಮಾತಾಡಬಾರದು ಎಂದು ಬರೆದ. ಕೆಮ್ಮಿ ಸನ್ನೆ ಮಾಡತೊಡಗಿದರು. ಕೆಮ್ಮಬಾರದು ಎಂದು ಬರೆದ. ನಿಜವಾಗಿ ಕೆಮ್ಮು ಬಂದವರು ಹೊರಗೆ ಹೋಗಿ ಕೆಮ್ಮಿ ಬರಬೇಕು, ಆ ಸುತ್ತು ಅವರಿಗಿಲ್ಲ ಎಂದು ಅದಕ್ಕೊಂದು ಉಪನಿಯಮ ಬರೆದ. ಒಂದು ಪುಟವಿದ್ದ ನಿಯಮ ಹತ್ತೊಂಬತ್ತು ಪುಟವಾಯಿತು. ಪುಟ ಹೆಚ್ಚಿದಷ್ಟೂ ಆಡುವವರು ಕಡಿಮೆಯಾದರು.

ಒಂದು ಸಂಜೆ ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿದಳು. ಅದು ಅವಳು ಸುಲಭಕ್ಕೆ ಮಾಡುವ ಕೆಲಸವಲ್ಲ.

“ರೀ, ಒಂದೊಂದು ಅಂಗಡೀಲಿ ಎಷ್ಟು ಸರಕಿರತ್ತೆ?”

“ಎಷ್ಟು ಬೇಕಾದ್ರೂ.”

“ಅದೇ ತಪ್ಪು. ಮೂಲೆ ಅಂಗಡಿ ಟೈಲರ್ ನನಗಿಂತ ಕಡಿಮೆ ತಗೋತಾನೆ. ನಾನೇನು ಉಪವಾಸ ಇದೀನಾ? ಅವನ ಹತ್ರ ಬಟ್ಟೆ ಗುಡ್ಡೆ ಬಿದ್ದಿರತ್ತೆ, ಅವನಿಗಿರೋದು ಎರಡೇ ಕೈ. ಅವಸರ ಇರೋರು ನನ್ನ ಹತ್ರ ಬರ್ತಾರೆ, ಕೇಳಿದಷ್ಟು ಕೊಡ್ತಾರೆ. ಒಬ್ಬೊಬ್ಬರಿಗೆ ಮೂರೇ ಸರಕು ಕೊಡಿ. ಅಗ್ಗದವನದ್ದು ಖಾಲಿ ಆಗ್ಲಿ, ಉಳಿದ ಗಿರಾಕಿ ಪಕ್ಕದಂಗಡಿಗೆ ಹೋಗ್ಲಿ.”

ಆ ಮನೆಯಲ್ಲಿ ನಿಜವಾಗಿ ಬೆಲೆ ಹಾಕಿ ಬದುಕುತ್ತಿದ್ದವಳು ಹೆಂಡತಿಯೊಬ್ಬಳೇ ಎಂಬುದು ಚೀಟಿಯಣ್ಣನಿಗೆ ಆಗ ತಿಳಿಯಬೇಕಿತ್ತು; ತಿಳಿಯಲಿಲ್ಲ. ‘ನಾನೂ ಅದನ್ನೇ ಯೋಚಿಸ್ತಿದ್ದೆ’ ಎಂದ. ಮುಂದಿನ ಭಾನುವಾರ ಹಾಗೇ ಆಡಿದರು. ಅಗ್ಗ ಇಟ್ಟವನ ಮೂರು ಸರಕು ಬೇಗ ಹೋಗಿ ಲಾಭ ಚಿಲ್ಲರೆಯಾಯಿತು, ದುಬಾರಿ ಇಟ್ಟವನು ದೊಡ್ಡ ದಾಳಕ್ಕಾಗಿ ಬಾಯಿಬಿಟ್ಟು ಕಾಯಬೇಕಾಯಿತು, ನಡುವೆ ನಿಲ್ಲುವುದೆಲ್ಲಿ ಎಂಬುದು ಪ್ರತಿ ಸುತ್ತಿಗೂ ಹೊಸ ತಲೆನೋವಾಯಿತು. ಭಾವಮೈದನ ಹಲ್ಲುನೋವು ತಾನಾಗಿ ವಾಸಿಯಾಯಿತು. ಇನ್ನು ಬೇಡವಾದ ಹದಿನೆಂಟು ಪುಟ ನಿಯಮಗಳನ್ನು ಹೆಂಡತಿ ರವಿಕೆಯ ಅಳತೆ ಕತ್ತರಿಸಲು ಬಳಸಿದಳು.

ಇನ್ನು ಯಜಮಾನರು. ಚೀಟಿಯಣ್ಣ ಎರಡು ವಾರ ಧೈರ್ಯ ಕೂಡಿಸಿಕೊಂಡು ಗಾಜಿನ ಬಾಗಿಲು ತಟ್ಟಿದ. ಯಜಮಾನರು ಪೆಟ್ಟಿಗೆಯನ್ನು ಒಂದು ಕೈಯಲ್ಲಿ ತೂಗಿ, “ಆಟ ಅಂದ್ರೆ ಏನಪ್ಪಾ? ಒಂದ್ಸಲ ಆಡಿ ಅಟ್ಟದ ಮೇಲೆ ಎಸೆದ್ರೆ, ಕೊಂಡೋರು ನಮ್ಮನ್ನ ಬೈತಾರೆ. ರಜೆ ದಿನ ಮಧ್ಯಾಹ್ನ ನಿನ್ನ ಮನೆಯವರನ್ನ ಕರ್ಕೊಂಡು ಬಾ. ನಾನೂ ಆಡ್ತೀನಿ. ನನ್ನ ಬಾಯಲ್ಲಿ ‘ಇನ್ನೊಂದಾಟ’ ಅಂತ ಬಂದ್ರೆ ಇನ್ನೂರು ಪೆಟ್ಟಿಗೆ ಮಾಡಿಸ್ತೀನಿ” ಎಂದರು.

ರಜೆಯ ದಿನ ನಾಲ್ವರೂ ಗಾಜಿನ ಕೋಣೆಗೆ ಹತ್ತಿದರು. ಆಡಲು ಕೂತವರು ಯಜಮಾನರು, ಹೆಂಡತಿ, ಮಗಳು, ಭಾವಮೈದ. ಚೀಟಿಯಣ್ಣ ದಾಳ ಎಸೆಯುವವನು. ಅವನ ಅಂಗೈ ಎಷ್ಟು ಬೆವರಿತ್ತೆಂದರೆ ಮೊದಲ ದಾಳ ಜಾರಿ ಯಜಮಾನರ ಮೇಜಿನ ಕೆಳಗೆ ಹೋಯಿತು.

ಯಜಮಾನರು ಹಲಗೆಯನ್ನು ಮರೆಮಾಡಿ ಗಂಭೀರವಾಗಿ ಬರೆದರು. ತೋರಿಸಿದರೆ ಹತ್ತೊಂಬತ್ತು. ಎರಡನೇ ಸುತ್ತು, ಹತ್ತೊಂಬತ್ತು. ಮೂರನೇ ಸುತ್ತೂ ಅದೇ. ಬೆಲೆ ಅಂದರೆ ಒಂಬತ್ತರಲ್ಲಿ ಮುಗಿಯಬೇಕು ಎಂಬುದು ಅವರ ಮತ. ಅದನ್ನು ಸುಳ್ಳೆನ್ನುವ ಅಂಗಡಿ ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ, ಹಾಗಾಗಿ ಮತ ಮೂವತ್ತು ವರ್ಷ ಸುಖವಾಗಿ ಬದುಕಿತ್ತು. ಈಗ ಪಕ್ಕದಲ್ಲೇ ಮೂರು ಅಂಗಡಿ. ಭಾವಮೈದ ಹೆದರಿ ಹನ್ನೊಂದಕ್ಕೆ ಕೊಟ್ಟು ಬೇಗ ಬಾಗಿಲು ಹಾಕುತ್ತಿದ್ದ. ಮಗಳು ಲೆಕ್ಕ ಹಾಕಿ ಹಾಕಿ ಹದಿನಾಲ್ಕರಲ್ಲಿ ನಿಂತಿದ್ದಳು. ಹೆಂಡತಿ ಲೆಕ್ಕ ಹಾಕಲಿಲ್ಲ, ಮೂವರ ಮುಖ ನೋಡಿದಳು. ಹೊಲಿಸಲು ಬಂದವರ ಮುಖ ನೋಡಿ ಕೂಲಿ ಹೇಳಿದ ಅಭ್ಯಾಸ. ಯಜಮಾನರು ಮೇಲೆ ಗಟ್ಟಿಯಾಗಿ ಕೂತಿದ್ದಾರೆ, ಅಲ್ಲಿಂದ ಏಳುವವರಲ್ಲ ಎಂದು ಗೊತ್ತಾದ ಮೇಲೆ ಒಮ್ಮೆ ಹದಿಮೂರು, ಒಮ್ಮೆ ಹದಿನೆಂಟು ಎಂದು ನೆರಳಿನಂತೆ ಓಡಾಡಿ, ಬಿಲ್ಲೆಗಳನ್ನು ಮಡಿಲಿಗೆ ಎಳೆದುಕೊಂಡಳು.

ಆಟ ಮುಗಿದಾಗ ಯಜಮಾನರ ಮುಂದೆ ಒಂಬತ್ತೇ ಬಿಲ್ಲೆ ಇದ್ದವು. ಅವರ ಕಿವಿ ಕೆಂಪಾಯಿತು.

“ದಾಳ ಸರಿಯಿಲ್ಲ. ಇನ್ನೊಂದಾಟ!”

ಚೀಟಿಯಣ್ಣ ತಡಮಾಡದೆ ದಾಳ ಎತ್ತಿಕೊಂಡ. ಇನ್ನೊಂದಾಟದಲ್ಲೂ ಯಜಮಾನರು ಸೋತರು, ಮತ್ತೊಂದಾಟ ಕೇಳಿದರು, ಅದರಲ್ಲೂ ಹತ್ತೊಂಬತ್ತೇ ಬರೆದು ಸೋತರು. ಆಟವನ್ನು ಮತ್ತೆ ಮತ್ತೆ ಆಡುವಂತೆ ಮಾಡುವುದು ನಿಯಮವಲ್ಲ, ಸೋತವನಿಗೆ ತಾನು ದಡ್ಡನಲ್ಲ ಎಂದು ತೋರಿಸಿಕೊಳ್ಳುವ ಹಟ. ಅದು ದೊಡ್ಡವರಲ್ಲಿ ಸಮೃದ್ಧವಾಗಿರುತ್ತದೆ. ಸಂಜೆಯಾಗುವಷ್ಟರಲ್ಲಿ ಯಜಮಾನರ ಅಂಗಿಯ ಮೇಲ್ಗುಂಡಿ ಬಿಚ್ಚಿತ್ತು, ಮೂಗಿನ ಮೇಲೆ ಬಳಪದ ಪುಡಿಯಿತ್ತು. ಜೀವಮಾನದಲ್ಲಿ ಅಷ್ಟು ಖುಷಿಯಾಗಿ ಅವರನ್ನು ಯಾರೂ ಕಂಡಿರಲಿಲ್ಲ.

“ಭೇಷ್! ಇನ್ನೂರಲ್ಲ, ಮುನ್ನೂರು ಮಾಡಿಸ್ತೀನಿ” ಎಂದು ಅವರು ಚೀಟಿಯಣ್ಣನ ಕಡೆ ತಿರುಗಿದರು. “ಹೇಳು, ಎಷ್ಟಿಡೋಣ ಬೆಲೆ? ನಿನ್ನ ಆಟ, ನೀನೇ ಹೇಳು.”

ಆ ಗಳಿಗೆ ಬಂದೇಬಿಟ್ಟಿತು. ಅಂಕಿ ಅವನ ಬಳಿ ಸಿದ್ಧವಾಗಿತ್ತು: ಇನ್ನೂರ ನಲವತ್ತು. ನಾಲ್ಕು ತಿಂಗಳು ಯೋಚಿಸಿ, ಹೆಚ್ಚಿಸಿ, ಇಳಿಸಿ, ಸ್ನಾನ ಮಾಡುವಾಗ ಗಟ್ಟಿಯಾಗಿ ಹೇಳಿ ನೋಡಿದ್ದ ಅಂಕಿ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಮಗಳು ನೋಡುತ್ತಿದ್ದಳು. ಆ ಕೋಣೆಯಲ್ಲಿ ನಿಂತು ಅವನು ಇಪ್ಪತ್ತಾರು ವರ್ಷ ಹೇಳಿದ್ದು ಒಂದೇ ಮಾತು, ಬಾಯಿಗೆ ಗೊತ್ತಿದ್ದುದೂ ಅದೊಂದೇ.

“ತಾವು ಹೇಳಿದ ಹಾಗೆ, ಯಜಮಾನ್ರೇ.”

“ಮುನ್ನೂರ ತೊಂಬತ್ತೊಂಬತ್ತು” ಎಂದರು ಯಜಮಾನರು, ಕಣ್ಣರೆಪ್ಪೆ ಬಡಿಯದೆ.

ಬೀದಿಗೆ ಬಂದಮೇಲೆ ಹೆಂಡತಿ, “ನಿದ್ದೇಲೂ ಇನ್ನೂರ ನಲವತ್ತು ಅಂತ ಬಡಬಡಿಸ್ತಿದ್ರಲ್ಲ, ಎಲ್ಲಿ ಹೋಯ್ತು ಅದು?” ಎಂದಳು. ಬೈಗುಳದ ದನಿಯಲ್ಲ; ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು. ನಾಚಿಕೆಯಿಂದ ಎರಡು ದಿನ ಅವನಿಗೆ ಊಟ ಸೇರಲಿಲ್ಲ.

ಎರಡು ತಿಂಗಳಿಗೆ ಮುನ್ನೂರು ಪೆಟ್ಟಿಗೆ ಗೋದಾಮಿಗೆ ಬಂದು ಬಿದ್ದವು. ಚೀಟಿಯಣ್ಣ ಗಾಲಿ ತಿರುಗಿಸಿ ಮುನ್ನೂರ ತೊಂಬತ್ತೊಂಬತ್ತು ಕೂರಿಸಿದ. ಒಂದೊಂದಾಗಿ ಮುನ್ನೂರಕ್ಕೂ ಅಂಟಿಸಿ, ಆಟಿಕೆ ಮಹಡಿಗೆ ತಾನೇ ಹೊತ್ತು ಜೋಡಿಸಿದ. ಜೋಡಿಸಿದ ಮೇಲೂ ಅಲ್ಲೇ ಸುಳಿದಾಡುತ್ತಿದ್ದ.

ಮೂರನೆಯ ದಿನ ಒಬ್ಬ ಹೆಂಗಸು ಪೆಟ್ಟಿಗೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಏನ್ರೀ ಇದು? ನಾಲ್ಕು ಹಲಗೆ ಚೂರು, ಎರಡು ದಾಳ, ಇದಕ್ಕೆ ಮುನ್ನೂರ ತೊಂಬತ್ತೊಂಬತ್ತಾ? ಯಾವ ಪುಣ್ಯಾತ್ಮ ಹಾಕಿದ್ದು ಈ ಬೆಲೆ?”

ಚೀಟಿಯಣ್ಣ ಬೆನ್ನು ನೆಟ್ಟಗೆ ಮಾಡಿದ.

“ನಾನೇ, ಅಮ್ಮಾ.”

“ವಿಪರೀತ ಆಯ್ತು. ಒಂದಿಷ್ಟು ಕಡಿಮೆ ಮಾಡ್ಕೊಳ್ಳಿ.”

“ಆಗೋದಿಲ್ಲ” ಎಂದ ಚೀಟಿಯಣ್ಣ, ಮಹಡಿಯೆಲ್ಲ ಕೇಳುವಂತೆ. “ಎಲ್ಲಾ ಯೋಚನೆ ಮಾಡೇ ಇಟ್ಟಿದೀನಿ.”

ಹೆಂಗಸು ಮೂತಿ ತಿರುವಿ, ಪೆಟ್ಟಿಗೆಯನ್ನು ಇದ್ದಲ್ಲೇ ಇಟ್ಟು ಹೊರಟುಹೋದಳು. ಗಿರಾಕಿ ಕೈತಪ್ಪಿತು. ಕೆಲಸಕ್ಕೆ ಸೇರಿದಂದಿನಿಂದ ಚೀಟಿಯಣ್ಣನಿಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿರಲಿಲ್ಲ.