ಉಳಿದ ನಾಲ್ಕು ಡಬ್ಬಿ

ಮೂವತ್ತೆಂಟು, ಮೂವತ್ತೊಂಬತ್ತು, ನಲವತ್ತು. ಅಳತೆ ಚಮಚದ ಮೇಲೆ ಚಾಕುವಿನ ಬೆನ್ನೆಳೆದು, ಹೆಚ್ಚಾದ ಹಾಲಿನ ಪುಡಿಯನ್ನು ಡಬ್ಬಿಗೇ ಉದುರಿಸಿ, ಸಮನಾದದ್ದನ್ನು ಕುದಿಸಿ ಆರಿಸಿದ ನೀರಿಗೆ ಸುರಿಯುತ್ತಾರೆ. ಗೋಡೆಗೆ ಬಿಗಿದ ತಂತಿಗೆ ಪೋಣಿಸಿದ ಐದು ಗುಂಡಿಗಳಿವೆ, ನಾಲ್ಕು ಬಿಳಿ, ಒಂದು ಕೆಂಪು. ಕೈ ತೊಳೆದ ಮೇಲೆ ಬೇರೇನನ್ನೂ ಮುಟ್ಟುವ ಹಾಗಿಲ್ಲವಾದ್ದರಿಂದ ಹತ್ತು ಚಮಚಕ್ಕೊಮ್ಮೆ ಮೊಣಕೈಯಿಂದ ಒಂದು ಗುಂಡಿ ಆಚೆ ತಳ್ಳುತ್ತಾರೆ. ನಾಲ್ಕನೆಯ ಬಿಳಿ ಗುಂಡಿ ಆಚೆ ಹೋಯಿತು. ಎದುರಿಗೆ, ಮುದ್ರೆ ಒತ್ತಿದ ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿದೆ: ಇಪ್ಪತ್ತು ಬಾಟಲಿಗೆ ನಲವತ್ತು ಚಮಚ. ಅವರು ಅತ್ತ ತಲೆ ಎತ್ತುವುದಿಲ್ಲ. ನಲವತ್ತೊಂದು, ನಲವತ್ತೆರಡು ಎನ್ನುತ್ತ ಐವತ್ತರವರೆಗೂ ಹೋಗುತ್ತಾರೆ. ಕೆಂಪು ಗುಂಡಿಯೂ ಆಚೆ ಸರಿಯುತ್ತದೆ.

ಆ ಕೆಂಪು ಗುಂಡಿಯನ್ನು ಪೋಣಿಸಿ ಇವತ್ತಿಗೆ ಹದಿಮೂರು ದಿನ.

ಮಕ್ಕಳ ಆಸ್ಪತ್ರೆಯ ಹಾಲಿನ ಕೋಣೆ ಇದು. ತಾಯಿಗೆ ಹುಷಾರಿಲ್ಲದ, ಹಾಲಿಲ್ಲದ, ತಾಯಿಯೇ ಇಲ್ಲದ ಎಳೆಗೂಸುಗಳಿಗೆ ಇಲ್ಲಿಂದ ಬಾಟಲಿ ಹೋಗುತ್ತದೆ. ಬೆಳಗಿನ ಪಾಳಿಯ ಈ ಹೆಂಗಸನ್ನು ವಾರ್ಡಿನಲ್ಲಿ ಎಲ್ಲರೂ ಕರೆಯುವುದು ಅಳತೆಯಮ್ಮ ಎಂದೇ. ಅವರು ಎಣಿಸುತ್ತಿರುವಾಗ ಬಾಗಿಲಲ್ಲಿ ಯಾರೂ ಬಾಯಿ ಬಿಡಬಾರದು. ಎಣಿಕೆ ತಪ್ಪಿದರೆ ಅಷ್ಟನ್ನೂ ಚೆಲ್ಲಿ ಮತ್ತೆ ಒಂದರಿಂದ ಶುರು. ನೆಲ ಒರೆಸುವಾಕೆ ಒಮ್ಮೆ ಅಪ್ಪಿತಪ್ಪಿ "ಕಾಫಿ ಆಯ್ತಾ ಅಕ್ಕ?" ಅಂದದ್ದಕ್ಕೆ ಇಪ್ಪತ್ತೇಳು ಚಮಚ ಮೋರಿಗೆ ಹೋಯಿತಂತೆ. "ಅವತ್ತಿಂದ ನಾನು ಇಲ್ಲಿ ಸೀನೋದಿದ್ರೂ ಆಚೆ ಹೋಗೇ ಸೀನೋದು" ಎನ್ನುತ್ತಾಳೆ ಆಕೆ.

ಕೂಸು ಇಪ್ಪತ್ತು. ದಿನಕ್ಕೆ ಎಂಟು ಹೊತ್ತು ಹಾಲು, ಅಂದರೆ ನೂರ ಅರವತ್ತು ಬಾಟಲಿ. ಬಾಟಲಿಗೆ ಎರಡು ಚಮಚದಂತೆ ಮುನ್ನೂರಿಪ್ಪತ್ತು. ಒಂದು ಡಬ್ಬಿಯಲ್ಲಿ ಎಂಬತ್ತು ಚಮಚ ಪುಡಿ, ಹಾಗಾಗಿ ದಿನಕ್ಕೆ ನಾಲ್ಕು ಡಬ್ಬಿ. ಇಪ್ಪತ್ತು ಡಬ್ಬಿಯ ಪೆಟ್ಟಿಗೆ ಐದು ದಿನಕ್ಕೆ ಖಾಲಿ. ಎಂಟು ವರ್ಷ ಈ ಲೆಕ್ಕ ಅವರ ನಾಲಿಗೆಯ ತುದಿಯಲ್ಲಿತ್ತು.

ಅವರು ಶಾಲೆಗೆ ಹೋದದ್ದು ಮೂರನೇ ತರಗತಿವರೆಗೆ. ಆಮೇಲೆ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತುಂಬುವ ಕೆಲಸ. ಒಂದು ಕ್ರೇಟಿಗೆ ಇಪ್ಪತ್ನಾಲ್ಕು. ಇಪ್ಪತ್ನಾಲ್ಕರ ಮಗ್ಗಿ ಬಂದದ್ದು ಅಲ್ಲಿಯೇ, ಪುಸ್ತಕದಿಂದಲ್ಲ. ಮೂವತ್ತೆಂಟನೆಯ ವಯಸ್ಸಿಗೆ ಸಂಜೆ ಶಾಲೆ ಸೇರಿದರು.

"ಗುಣಿಸೋದು ಬೇಗ ಕೈಹಿಡೀತು. ಭಾಗಾಕಾರ ಮಾತ್ರ ಹತ್ರಾನೇ ಸೇರಿಸ್ಲಿಲ್ಲ. ಕೊನೇಲಿ ಶೇಷ ಅಂತ ಉಳಿಯುತ್ತಲ್ಲ, ಅದನ್ನ ಎಲ್ಲಿ ಇಡೋದು ಅಂತ್ಲೇ ತಿಳೀತಿರ್ಲಿಲ್ಲ. ಮೇಷ್ಟ್ರನ್ನ ಕೇಳ್ದೆ. ಪಕ್ಕದಲ್ಲಿ ಬರೀರಿ, ಮರೀಬೇಡಿ ಅಂದ್ರು, ಅಷ್ಟೇ."

ಹದಿಮೂರು ದಿನದ ಹಿಂದೆ, ಆರನೆಯ ದಿನದ ಬೆಳಿಗ್ಗೆ, ಖಾಲಿಯಾಗಿರಬೇಕಿದ್ದ ಪೆಟ್ಟಿಗೆಗೆ ಕೈ ಹಾಕಿದಾಗ ನಾಲ್ಕು ಡಬ್ಬಿ ಸಿಕ್ಕವು. ಐದು ದಿನವೂ ಕೂಸುಗಳು ಇಪ್ಪತ್ತೇ. ಬೇರೆ ಯಾರಾದರೂ ಉಳಿತಾಯವಾಯಿತೆಂದು ಖುಷಿಪಡುತ್ತಿದ್ದರೇನೋ. ಇವರು ಅಲ್ಲೇ ನಿಂತು ಲೆಕ್ಕ ಹಾಕಿದರು. ಹದಿನಾರು ಡಬ್ಬಿಯಲ್ಲಿ ಐದು ದಿನ ಕಳೆದಿದೆ ಎಂದರೆ, ಐದು ಪಾಲು ಹೋಗಬೇಕಾದ ಕಡೆ ನಾಲ್ಕೇ ಪಾಲು ಹೋಗಿದೆ.

ಡಬ್ಬಿ ಅದೇ ಕಂಪನಿಯದು, ಅದೇ ತೂಕ. ಮುಚ್ಚಳದ ಬಣ್ಣ ಮಾತ್ರ ಬೇರೆ. ಒಳಗಿನ ಚಮಚ ಥಟ್ಟನೆ ಕಣ್ಣಿಗೆ ಬೀಳದಷ್ಟು ಸಣ್ಣದು. ಬೇಸಿನ್ನಿನ ಹತ್ತಿರ ಉಳಿದಿದ್ದ ಹಳೆಯ ಚಮಚವನ್ನು ತಂದು ಎರಡರಲ್ಲೂ ನೀರು ತುಂಬಿ ನೋಡಿದರು. ಹಳೆಯದರ ನಾಲ್ಕು ಚಮಚ ನೀರಿಗೆ ಹೊಸದರಲ್ಲಿ ಐದು ಬೇಕಾಯಿತು. ಡಬ್ಬಿಯ ಹಿಂದೆ ಇರುವೆಯಂಥ ಅಕ್ಷರದಲ್ಲಿ ಅದನ್ನೇ ಬರೆದಿತ್ತು. ಪಟ್ಟಿ ಬಾಯಿಪಾಠವಾಗಿದ್ದವರು ಡಬ್ಬಿಯ ಬೆನ್ನನ್ನು ಯಾಕೆ ಓದುತ್ತಾರೆ?

ಆಗಲೇ ಓಡಿಹೋಗಿ ವಾರ್ಡಿನ ಹಿರಿಯ ಸಿಸ್ಟರಿಗೆ ಹೇಳಿದರು. ಇಬ್ಬರೂ ತೂಕದ ಪುಸ್ತಕ ತೆಗೆದರು. ಏಳನೇ ತೊಟ್ಟಿಲಿನ ಕೂಸು ದಿನಕ್ಕೆ ಇಪ್ಪತ್ತೈದು ಗ್ರಾಂ ಏರುತ್ತಿದ್ದದ್ದು ಆ ಐದು ದಿನ ಹತ್ತು, ಎಂಟು, ಹತ್ತು, ಒಂಬತ್ತು, ಎಂಟು. ಅಂದೇ ಐವತ್ತು ಚಮಚ ಶುರುವಾಯಿತು. ಎರಡನೇ ಪಾಳಿಯವಳಿಗೂ ಕೆಂಪು ಗುಂಡಿ ತೋರಿಸಿದರು. ಮೂರನೆಯ ದಿನಕ್ಕೆ ತೂಕ ಮತ್ತೆ ಮೊದಲಿನಂತೆ ಏರತೊಡಗಿತು.

"ಸರಿಮಾಡಿದ್ರಲ್ಲ, ಬಿಡಿ" ಅಂದರಂತೆ ಸಿಸ್ಟರ್. "ಬರೆದು ಕೊಟ್ರೆ ನಿಮ್ಮ ತಲೆಗೇ ಸುತ್ತಿಕೊಳ್ಳುತ್ತೆ. ಈ ತಿಂಗಳೇ ನಿಮ್ಮ ಗುತ್ತಿಗೆ ಮುಗಿಯೋದು, ನೆನಪಿರ್ಲಿ."

ಬಿಡಲು ಆಗಲಿಲ್ಲ. ಊರಾಚೆಯ ಶಾಖೆಯಲ್ಲೂ ಇಂಥದೇ ಕೋಣೆ, ಗೋಡೆಯ ಮೇಲೆ ಇದೇ ಪಟ್ಟಿ. ಮರುದಿನ ಬೆಳಿಗ್ಗೆ ವಿಚಾರಿಸಿದಾಗ ಅಲ್ಲಿ ಮೂವತ್ತು ಹಳೆಯ ಡಬ್ಬಿ ಇದ್ದವು. ಹತ್ತು ಕೂಸಿಗೆ ದಿನಕ್ಕೆ ಎರಡು ಡಬ್ಬಿ. ಮೂವತ್ತನ್ನು ಎರಡರಿಂದ ಭಾಗಿಸಿದರೆ ಹದಿನೈದು ದಿನ. ಆಮೇಲೆ ಅಲ್ಲಿಗೂ ಹೋಗುವುದು ಈ ಹೊಸ ಮುಚ್ಚಳದವೇ. ಒಮ್ಮೆ ಫೋನ್ ಮಾಡಿದರು. ಮುದ್ರೆ ಇರುವ ಪಟ್ಟಿ ಬದಲಾಗಬೇಕಾದರೆ ಮುಖ್ಯ ವೈದ್ಯರ ಕಾಗದ ಬರಲಿ ಎಂದು ಆ ಕಡೆಯವರು ಇಟ್ಟುಬಿಟ್ಟರು. "ಅವರ ಜಾಗದಲ್ಲಿ ನಾನಿದ್ರೂ ಹಾಗೇ ಅಂತಿದ್ದೆ" ಎನ್ನುತ್ತಾರೆ.

ಮುಖ್ಯ ವೈದ್ಯರಿಗೆ ಕಾಗದ ಬರೆದರು. ನಾಲ್ಕು ಸಲ ಬರೆದು ಹರಿದು, ಐದನೆಯದನ್ನು ಮಡಿಸಿ ಕೈಚೀಲದಲ್ಲಿಟ್ಟರು. ಅಲ್ಲಿಂದಾಚೆಗೆ ಅದು ದಿನಾ ಅವರ ಜೊತೆ ಕೆಲಸಕ್ಕೆ ಬರುತ್ತದೆ, ಮನೆಗೆ ಹೋಗುತ್ತದೆ. "ಅಮ್ಮ ಅದಕ್ಕೂ ಒಂದು ಬಸ್ ಪಾಸ್ ಮಾಡಿಸ್ಲಿ" ಎಂದು ಮಗಳು ರೇಗಿಸುತ್ತಾಳೆ. ಅಮ್ಮ ನಗುವುದಿಲ್ಲ. ಐದು ದಿನ ಇಪ್ಪತ್ತು ಕೂಸುಗಳಿಗೆ ತೆಳು ಹಾಲು ಕೊಟ್ಟವಳು ನಾನು ಎಂಬ ಸಾಲು ಅದರಲ್ಲಿದೆ. ಅದನ್ನು ಬಿಟ್ಟು ಬರೆದರೆ ನಂಬುವವರಿಲ್ಲ. ಬರೆದರೆ ಕೆಲಸ ಉಳಿಯುವ ಖಾತರಿ ಇಲ್ಲ. ದಿನಾ ಬೆಳಿಗ್ಗೆ ಬೆರಳು ಮಡಿಸುತ್ತಾರೆ: ಶಾಖೆಯ ಹಳೆಯ ಡಬ್ಬಿ ಮುಗಿಯಲು ಇನ್ನು ಆರು ದಿನ, ಇನ್ನು ಐದು. ಇವತ್ತು ಮೂರು.

ಇಪ್ಪತ್ತನೆಯ ಬಾಟಲಿಗೆ ಮುಚ್ಚಳ ತಿರುಗಿಸುತ್ತಿದ್ದಾಗ ಸ್ಟೋರಿನವರು ಬಾಗಿಲಿಗೆ ಬರುತ್ತಾರೆ. ಎಣಿಕೆ ಮುಗಿದಿದೆಯೇ ಎಂದು ಗುಂಡಿಗಳನ್ನು ನೋಡಿಕೊಂಡೇ ಮಾತು ತೆಗೆಯುತ್ತಾರೆ.

"ಅಳತೆಯಮ್ಮ, ಶಾಖೆಗೆ ಎರಡು ಪೆಟ್ಟಿಗೆ ಕಳಿಸ್ಬೇಕಂತೆ. ಅಲ್ಲಿ ಮಧ್ಯಾಹ್ನಕ್ಕೆ ಎಲ್ಲಾ ಖಾಲಿ."

"ಇವತ್ತಾ? ಇನ್ನೂ ಮೂರು ದಿನ ಇದೆಯಲ್ಲ!"

"ಅದೇನೋ ಗೊತ್ತಿಲ್ಲಮ್ಮ. ಎರಡು ವಾರದಿಂದ ಅಲ್ಲಿ ಹನ್ನೆರಡು ಕೂಸಂತೆ. ವ್ಯಾನು ಇನ್ನರ್ಧ ಗಂಟೇಲಿ ಹೊರಡುತ್ತೆ."

ಹನ್ನೆರಡು. ಅವರ ತುಟಿ ಸದ್ದಿಲ್ಲದೆ ಆಡುತ್ತದೆ. ದಿನಕ್ಕೆ ಎರಡಲ್ಲ, ಎರಡು ಡಬ್ಬಿ ಮೇಲೆ ಅರ್ಧಕ್ಕೆ ಸ್ವಲ್ಪ ಕಡಿಮೆ. ಮೂವತ್ತು ಡಬ್ಬಿಗೆ ಹನ್ನೆರಡೂವರೆ ದಿನ. ಭಾಗಾಕಾರ ಸರಿಯಾಗಿಯೇ ಮಾಡಿದ್ದರು, ಯಾವುದರಿಂದ ಭಾಗಿಸಬೇಕೆಂಬುದನ್ನು ಮಾತ್ರ ಮತ್ತೊಮ್ಮೆ ವಿಚಾರಿಸಿರಲಿಲ್ಲ. ಹನ್ನೆರಡು ಕೂಸು, ಎಂಟು ಹೊತ್ತು: ದಿನಕ್ಕೆ ತೊಂಬತ್ತಾರು ಬಾಟಲಿ. ತೆಳು ಹಾಲಿನ ಮೊದಲನೆಯದು ಇವತ್ತು ಮಧ್ಯಾಹ್ನವೇ.

ಅವರು ಬಿಳಿ ಹಾಳೆ ಹರಿದು ಎರಡು ಚೀಟಿ ಬರೆದು ಪೆಟ್ಟಿಗೆಗಳ ಮೇಲೆ ಅಂಟಿಸುತ್ತಾರೆ: ಹೊಸ ಚಮಚ ಸಣ್ಣದು, ನಾಲ್ಕರ ಜಾಗದಲ್ಲಿ ಐದು ಹಾಕಿ, ಡಬ್ಬಿಯ ಹಿಂಭಾಗ ಓದಿ. ಅವಸರದಲ್ಲಿ ಐದು ಸೊಟ್ಟಗಾಗುತ್ತದೆ. ಅದರ ಮೇಲೆ ಮತ್ತೊಮ್ಮೆ ದಪ್ಪಗೆ ತಿದ್ದುತ್ತಾರೆ. ಕೈಚೀಲದಿಂದ ಕಾಗದ ಹೊರಗೆ ಬರುತ್ತದೆ, ಮಡಿಕೆಗಳಲ್ಲಿ ಆಗಲೇ ಸವೆದಿದೆ.

ಬಾಟಲಿಯ ತಟ್ಟೆ ಒಯ್ಯಲು ಬಂದ ಸಿಸ್ಟರ್ ಕಾಗದವನ್ನು ನೋಡುತ್ತಾರೆ. ಒಳಗೆ ಹೋಗಿ ತೂಕದ ಪುಸ್ತಕದ ಆ ಪುಟವನ್ನು ನಕಲು ಮಾಡಿಸಿ, ಕೆಳಗೆ ತಮ್ಮ ಸಹಿ ಹಾಕಿ ತರುತ್ತಾರೆ. "ಇದನ್ನೂ ಸೇರಿಸಿ. ಬರೀ ಬಾಯಿಮಾತನ್ನ ಅವ್ರು ನಂಬಲ್ಲ. ನಾನು ಅವತ್ತೇ ಹೇಳ್ಬೇಕಿತ್ತು."

ಈ ಕಾಗದದಿಂದ ಏನಾಗಬೇಕು ಎಂದು ಕೇಳಿದರೆ ಅಳತೆಯಮ್ಮ ಗೋಡೆ ತೋರಿಸುತ್ತಾರೆ. "ಆ ಪಟ್ಟಿ ಬದಲಾದ್ರೆ ಸಾಕು. ನಾಳೆ ಈ ಕೋಣೇಲಿ ನಾನಿರ್ತೀನೋ ಇನ್ಯಾರಿರ್ತಾರೋ. ಬಂದವರು ನನ್ನ ಹಾಗೆ ಬಾಯಿಪಾಠ ಮಾಡ್ಕೊಂಡ್ರೂ ತಪ್ಪಾಗ್ಬಾರ್ದು."

ವ್ಯಾನಿನ ಎಂಜಿನ್ ಶುರುವಾಗಿದೆ. ಅವರು ಅಂಗಳ ದಾಟಿ, ಏದುಸಿರಿನಲ್ಲೇ ಕಿಟಕಿಗೆ ಕೈ ಚಾಚುತ್ತಾರೆ.

"ಮುಖ್ಯ ಡಾಕ್ಟ್ರು ಆ ಶಾಖೇಲೇ ಮಹಡಿ ಮೇಲೆ ಕೂತ್ಕೊಳ್ಳೋದು ಅಲ್ವೇನಣ್ಣ? ಮೇಜಿನ ಮೇಲಿಟ್ಟು ಬಂದ್ಬಿಡ್ಬೇಡ. ಕೈಗೇ ಕೊಡು. ಓದೋವರೆಗೂ ಅಲ್ಲೇ ನಿಂತಿರು."

"ಅಂಥದ್ದೇನಮ್ಮ ಬರ್ದಿದೀರಾ ಇದ್ರಲ್ಲಿ?"

"ಲೆಕ್ಕ."

ಚಾಲಕ ಕಾಗದವನ್ನು ಅಂಗಿಯ ಜೇಬಿಗೆ ಇಳಿಸಿ, ಗುಂಡಿ ಹಾಕಿಕೊಂಡು, ಗೇಟು ದಾಟುತ್ತಾನೆ.