ಅಪ್ಪನ ರುಮಾಲಿನ ಭಂಡಾರ

ಏಕಸಂಬಿಯಿಂದ ಚಿಕ್ಕೋಡಿಯವರೆಗೆ ಓಡುವ ಶರ್ಯತ್ತಿಗೆ ಆಗ ಮ್ಯಾರಥಾನ್ ಎನ್ನುತ್ತಿದ್ದರು. ನಿಜವಾದ ಮ್ಯಾರಥಾನ್ ಅದಕ್ಕಿಂತ ಬಹಳ ಉದ್ದ ಎಂದು ಮುಂದೆ ಯಾರೋ ಹೇಳಿದರು. ಇರಲಿ. ನಮಗೆ ಅಷ್ಟೇ ಸಾಕಾಗಿತ್ತು. ಎಂಬತ್ತರ ದಶಕದ ಮಾತು, ನನಗೆ ಹದಿನೇಳೋ ಹದಿನೆಂಟೋ. ಓಡಿದವಳು ನಾನು, ದಾರಿಬದಿಗೆ ನಿಂತು ಕೂಗಿದವನು ನನ್ನ ಅಪ್ಪ.

ಅಪ್ಪನಿಗೆ ಒಂದಿಷ್ಟು ಕುರಿ, ಒಂದು ತುಂಡು ಹೊಲ, ಮತ್ತು ಎತ್ತಿನ ಗಾಡಿ ಶರ್ಯತ್ತಿನ ಹುಚ್ಚು. ಮಕ್ಕಳ ಚಹಾಕ್ಕೆ ಹಾಲಿಲ್ಲದಿದ್ದರೂ ಎತ್ತಿಗೆ ಹಾಲು ಕುಡಿಸುವ ಮನುಷ್ಯ. ಆದರೂ ಅವನ ಎತ್ತು ಒಮ್ಮೆಯೂ ಮೊದಲು ಬರಲಿಲ್ಲ. ನಮ್ಮ ಕಡೆ ಗೆಲ್ಲುವ ಜೋಡಿ ಗೆರೆಯ ಹತ್ತಿರ ಬರುತ್ತಿದ್ದಂತೆ ಮಾಲಕ ಎದುರಿಗೆ ಹೋಗಿ ಅವುಗಳ ಮೇಲೆ ಮುಷ್ಟಿ ತುಂಬ ಭಂಡಾರ, ಅಂದರೆ ದೇವರ ಅರಿಷಿಣದ ಪುಡಿ, ತೂರುತ್ತಾನೆ. ಅಪ್ಪ ಪ್ರತಿ ಸಲವೂ ರುಮಾಲಿನ ತುದಿಯಲ್ಲಿ ಭಂಡಾರ ಕಟ್ಟಿಕೊಂಡು ಹೋಗುತ್ತಿದ್ದ, ಗಂಟು ಬಿಚ್ಚದೆ ಮರಳಿ ಬರುತ್ತಿದ್ದ.

“ಸಾರಿಗಾದ್ರೂ ಹಾಕ್ರಿ ಅದನ್ನ, ಬಣ್ಣ ಬರ್ತೈತಿ” ಎನ್ನುತ್ತಿದ್ದಳು ಅವ್ವ.

ನಾನು ಓಡಬಲ್ಲೆ ಎಂದು ಅವನಿಗೆ ಗೊತ್ತಾದದ್ದು ಎತ್ತೊಂದು ಹಗ್ಗ ಹರಿದುಕೊಂಡು ಓಡಿದ ದಿನ. ತಂಬಾಕಿನ ಹೊಲದ ಬದುವಿನ ಮೇಲೆ ಅದರ ಸಮಸಮ ಓಡಿ, ಮೂಗುದಾರ ಹಿಡಿದು ನಿಲ್ಲಿಸಿದೆ. ಅಪ್ಪ ಎತ್ತನ್ನು ನೋಡಲಿಲ್ಲ, ನನ್ನ ಕಾಲು ನೋಡಿದ.

ಅದೇ ಹೊತ್ತಿಗೆ ಐಗಳಿಯಿಂದ ಅವ್ವನ ತಮ್ಮ ಬಂದ. ಅವನ ಹೆಂಡತಿ ತೀರಿಹೋಗಿದ್ದಳು, ಎರಡು ಸಣ್ಣ ಮಕ್ಕಳು. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಮೊದಲು. ನಮ್ಮಲ್ಲಿ ಅದು ಕೇಳುವ ಮಾತಲ್ಲ, ತಿಳಿಸುವ ಮಾತು. ಅವನು ತಿಳಿಸಿ, ಉಂಡು, ಹೋದ. ನನಗೆ ಅವನು ಬೇಡವಾಗಿದ್ದ. ಕೆಟ್ಟವನೆಂದಲ್ಲ. ಅವನ ಹೆಗಲ ಮೇಲೆ ಕೂತು ಆಡಿದವಳು ನಾನು. ಅವನ ಪಕ್ಕದಲ್ಲಿ ಮಲಗಲು ಮನಸ್ಸು ಒಪ್ಪಲಿಲ್ಲ.

ಅಪ್ಪನಿಗೆ ಹೇಳಿದೆ. ಅವನು ಎತ್ತಿನ ಮೈ ತಿಕ್ಕುತ್ತಲೇ ಕೇಳಿದ:

“ಒಲ್ಲೆ ಅಂದ್ರ ಮಂದಿ ಕಾರಣ ಕೇಳ್ತಾರ. ಏನಂತ ಹೇಳ್ಲಿ?”

ಕಾರಣವನ್ನು ಅವನೇ ಹುಡುಕಿದ. ಚಿಕ್ಕೋಡಿಯ ಹುಡುಗರು ಕೂಡಿ ಓಟ ಇಟ್ಟಿದ್ದರು. ಮೊದಲು ಬಂದ ಹುಡುಗಿಯನ್ನು ಸರಕಾರದವರು ಬೆಳಗಾವಿಯ ಹಾಸ್ಟೆಲಿನಲ್ಲಿ ಇರಿಸಿಕೊಂಡು ಓಟ ಕಲಿಸುತ್ತಾರೆ ಎಂದು ಸುದ್ದಿ ಇತ್ತು.

“ಮೊದಲನೇ ನಂಬರ ಬಾ. ಮಗಳನ್ನ ಬೆಳಗಾವಿಗೆ ಕರದಾರ ಅಂತ ನಿಮ್ಮ ಮಾವಗ ಮಾರಿ ಎತ್ತಿ ಹೇಳ್ತೀನಿ. ಎರಡನೇ ನಂಬರ ಬಂದ್ರ ನನ್ನ ಬಾಯಾಗ ಮಾತಿಲ್ಲ ಬೇ, ಈಗ ಹೇಳೇನಿ.”

ಅಪ್ಪನಿಗೆ ಒಂದೇ ತರಬೇತಿ ಗೊತ್ತಿತ್ತು. ನಸುಕಿನಲ್ಲಿ ಹಗುರ ಗಾಡಿ ಹೂಡಿ ಹೊಡೆಯುತ್ತಿದ್ದ, ಅದರ ಪಕ್ಕ ನಾನು ಓಡಬೇಕು. ಎತ್ತಿಗೆ ಬೇಯಿಸಿದ ಹುರಳಿಯಲ್ಲೇ ನನಗೂ ಒಂದು ಬಟ್ಟಲು. ಬಂದ ಮೇಲೆ ಎತ್ತಿನ ಕಾಲು ತಿಕ್ಕಿ, ಉಳಿದ ಎಣ್ಣೆಯನ್ನು ನನ್ನ ಕಡೆ ಸರಿಸುತ್ತಿದ್ದ.

“ಇನ್ನ ಕೋಡಿಗೆ ಬಣ್ಣ ಒಂದು ಹಚ್ಚಿಬಿಡ್ರಿ ಆಕಿಗೆ” ಎಂದಳು ಅವ್ವ. ಅವಳಿಗೆ ತಮ್ಮನ ಮನೆ ನಿಲ್ಲಬೇಕಾಗಿತ್ತು. ಅದೂ ತಪ್ಪೆನ್ನಲಾರೆ.

ಓಟದ ದಿನ ನಾನು ಪರಕರದ ನೆರಿಗೆ ಎತ್ತಿ ಕಟ್ಟಿ, ಬರಿಗಾಲಲ್ಲಿ ನಿಂತೆ. ಪಟ್ಟಣದ ಹುಡುಗಿಯೊಬ್ಬಳು ಬಿಳೀ ಕ್ಯಾನ್ವಾಸ್ ಬೂಟು ಹಾಕಿದ್ದಳು. ಉಳಿದವರು ಬೇಗ ಹಿಂದೆ ಬಿದ್ದರು, ಅವಳು ಬೀಳಲಿಲ್ಲ. ಅವಳ ಬೂಟಿನ ಟಪಟಪ ನನ್ನ ಬೆನ್ನಿಗೇ ಇತ್ತು. ಅಪ್ಪ ಸೈಕಲ್ ಮೇಲೆ ಹೊಲದ ಒಳದಾರಿ ಹಿಡಿದು ನನಗಿಂತ ಮುಂದೆ ಬಂದು, ತಿರುವು ಬಂದಲ್ಲೆಲ್ಲ ನಿಂತಿರುತ್ತಿದ್ದ. ಎತ್ತಿಗೆ ಕೂಗುವ ಕೂಗೇ.

“ಹಾಂಯ್ ಹಾಂಯ್! ಬಿಡಬ್ಯಾಡ! ಹೊಡಿ ಮುಂದ!”

ಕಬ್ಬು ಕಡಿಯುತ್ತಿದ್ದವರು ನಕ್ಕರು. “ಏ ಕಾಕಾ, ಅದು ಮಗಳೋ ಎತ್ತೋ?”

“ಎರಡೂ ಲೇ!” ಎಂದ ಅಪ್ಪ.

ಚಿಕ್ಕೋಡಿಯ ಏರು ಹತ್ತುವಾಗ ಬೂಟಿನ ಸದ್ದು ಕೇಳದಾಯಿತು. ಏರು ಮುಗಿದಾಗ ಎದುರಿಗೆ, ಓಟ ಮುಗಿಯುವಲ್ಲಿ, ಹಗ್ಗ ಹಿಡಿದು ನಿಂತವರು ಕಂಡರು. ಹಗ್ಗಕ್ಕಿಂತ ಈಚೆಗೆ ರಸ್ತೆಯ ನಡುವೆ ಅಪ್ಪ. ಅವನು ರುಮಾಲಿನ ಗಂಟು ಬಿಚ್ಚುತ್ತಿದ್ದ.

ಬೇಡ ಎಂದು ಕೂಗಬೇಕೆಂದರೆ ಉಸಿರಿರಲಿಲ್ಲ. ಅವನ ಮುಖ ನೋಡಿದೆ. ಅದರಲ್ಲಿ ಅಷ್ಟು ಸಂತೋಷವನ್ನು ನಾನು ಮೊದಲು ಕಂಡಿರಲಿಲ್ಲ. ಎರಡೂ ಕೈ ತುಂಬ ತೂರಿಬಿಟ್ಟ.

ಎತ್ತು ಮೂಗಿನಲ್ಲಿ ಉಸಿರಾಡುತ್ತ ಓಡುತ್ತದೆ. ನಾನು ಬಾಯಿ ಬಿಟ್ಟುಕೊಂಡು ಓಡುತ್ತಿದ್ದೆ. ಗಂಟಲು ಕಟ್ಟಿತು. ಕಣ್ಣಿಗೆ ಬೆಂಕಿ ಇಟ್ಟಂತಾಯಿತು. ಕೆಮ್ಮುತ್ತ ಮೊಣಕಾಲು ಊರಿದೆ. ಎದ್ದರೆ ಹಗ್ಗ ಯಾವ ಕಡೆ ಎಂದು ತಿಳಿಯಲಿಲ್ಲ. “ಓಡ ಬೇ! ಯವ್ವಾ, ಓಡ!” ಎಂದು ಅಪ್ಪ ಒದರುತ್ತಿದ್ದ, ಅವನ ದನಿಯೂ ನಾಲ್ಕೂ ಕಡೆಯಿಂದ ಬಂದಂತೆ ಕೇಳಿತು. ಅದರ ನಡುವೆ ಟಪಟಪ ಬಂತು, ನನ್ನ ಪಕ್ಕದಿಂದ ಹಾದು ಮುಂದೆ ಹೋಯಿತು.

ಅಪ್ಪ ಹೋಗಿ ಜಗಳ ತೆಗೆದ. “ಗೆದ್ದಾಕಿ ಈಕಿರಿ! ಭಂಡಾರ ಬಿದ್ದೈತಿ ನೋಡ್ರಿ ಮೈಮ್ಯಾಲ!”

ಹಗ್ಗ ಹಿಡಿದವನು ಮರ್ಯಾದೆಯಿಂದಲೇ ಹೇಳಿದ: “ಭಂಡಾರ ನೀವು ಹಾಕೀರಿ ಯಜಮಾನ್ರ, ನಾವಲ್ಲ.”

ಎರಡನೇ ನಂಬರಿಗೆಂದು ನನಗೆ ಒಂದು ಸ್ಟೀಲಿನ ಕೊಡ ಕೊಟ್ಟರು. ಬರುವ ದಾರಿಯಲ್ಲಿ ಒಂದು ಬಾವಿ ಕಂಡಾಗ ಅಪ್ಪ ಸೈಕಲ್ ನಿಲ್ಲಿಸಿ, ಅದೇ ಕೊಡದಲ್ಲಿ ನೀರು ತುಂಬಿ ನನ್ನ ಮುಖ ತೊಳೆದ.

“ಕಣ್ಣ ಉರಿಯಾಕತ್ತಾವೇನ?”

“ಹೂಂ.”

ಅವನು ಇನ್ನೊಂದು ಕೊಡ ನೀರು ತುಂಬಿದ. ಕೆಲವು ದಿನದ ಮೇಲೆ ಮಾವ ಮತ್ತೆ ಬಂದ. ಅಪ್ಪ ತಾನು ಹೇಳಿದಂತೆಯೇ ನಡೆದುಕೊಂಡ, ಅವನ ಬಾಯಲ್ಲಿ ಮಾತಿರಲಿಲ್ಲ. ಮದುವೆಗೆ ಅರಿಷಿಣ ಹಚ್ಚುವಾಗ ಹೆಂಗಸರು ಕಣ್ಣು ಮುಚ್ಚಿಕೋ ಎಂದರು. ಮುಚ್ಚಿಕೊಂಡೆ. ಐಗಳಿಯಲ್ಲಿ ಆ ಎರಡು ಮಕ್ಕಳನ್ನು ಬೆಳೆಸಿದೆ, ನನ್ನವು ಮೂರು ಆದವು. ಗಂಡ ಹೊಡೆಯಲಿಲ್ಲ, ಬೈಯಲಿಲ್ಲ. ಸುಖ ಎಂದು ಮಾತ್ರ ನನ್ನ ಬಾಯಿಂದ ಬರುವುದಿಲ್ಲ. ಒಲೆಯ ಮುಂದೆ ಕೂತಾಗ ಎಷ್ಟೋ ವರ್ಷ ಕಾಲು ತಾವಾಗಿಯೇ ಅದುರುತ್ತಿದ್ದವು. ಆಮೇಲೆ ಅದೂ ನಿಂತಿತು.

ಅಪ್ಪ ಎತ್ತು ಮಾರಿಬಿಟ್ಟ. ತೊಂಬತ್ತರ ದಶಕದಲ್ಲಿ ಅವನು ಹಾಸಿಗೆ ಹಿಡಿದಾಗ ನೋಡಲು ಹೋದೆ. ಗಂಜಿ ಕುಡಿಸುತ್ತಿದ್ದೆ. ಚಮಚ ತಡೆದು ಕೇಳಿದ:

“ಅವತ್ತ ನಾ ಭಂಡಾರ ಹಾಕದಿದ್ರ ಗೆಲ್ತಿದ್ದಿ ಏನ?”

“ಗೆಲ್ತಿದ್ದೆ.”

ಅವನು ತಲೆಯಾಡಿಸಿ ಗೋಡೆಯ ಕಡೆ ಹೊರಳಿದ. ಗಂಜಿ ಅರ್ಧ ಉಳಿಯಿತು. ಸಾಯುವ ಮನುಷ್ಯನಿಗೆ ಒಂದು ಸುಳ್ಳು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಅವ್ವ ಹೊರಗೆ ಕರೆದು ಬೈದಳು. ಬೈಯಲಿ. ನಾನು ಓಡಿದ್ದನ್ನು ದಾರಿಯುದ್ದಕ್ಕೂ ನೋಡಿದವನು ಅವನೊಬ್ಬನೇ. ಅವನಿಗೂ ಸುಳ್ಳು ಹೇಳಿದ್ದರೆ, ನಾನು ಓಡಿದ್ದೇ ಇಲ್ಲ ಎಂದಾಗುತ್ತಿತ್ತು.